ಏರ್ ಫಿಲ್ಟರ್ ಬದಲಿಸುವುದು ಯಾವಾಗ?



ಹಿಂದಿನ ಶುಂಠಿ ಸುಗ್ಗಿಯಲ್ಲಿ ಒಂದು ಸಂಜೆ ಅಂತರಸಂತೆಯ ಟೀ ಅಂಗಡಿಯ ಮುಂದೆ ನಿಂತಿದ್ದೆ. ಹೆಗ್ಗಡದೇವನಕೋಟೆ ಕಡೆಯಿಂದ ಶುಂಠಿ ಮೂಟೆ ಹೇರಿಕೊಂಡು ಬಂದ ಹಳೆಯ ಲಾರಿಯೊಂದು ಕಪ್ಪು ಹೊಗೆ ಕಕ್ಕುತ್ತ, ಮುಕ್ಕರಿಯುತ್ತ ಬಂದು ನಿಂತಿತು. ಕಾಕನಕೋಟೆ ಕಾಡಿನ ಮೂಲಕ ಬಾವಲಿಗೆ ಹೋಗುವ ರಸ್ತೆಯ ಗೇಟು ಸಂಜೆ 6 ಗಂಟೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6 ಗಂಟೆಗೇ ಎಂಬುದು ಈ ಸೀಮೆಯವರಿಗೆಲ್ಲ ತಿಳಿದದ್ದೇ. ಡ್ರೈವರ್ ಗಡಿಯಾರ ನೋಡಿಕೊಂಡ. ಕೆಳಗಿಳಿದು ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗಿನ ಕಾಗದದ ಉರುಳೆಯನ್ನು ಹೊರಗೆಳೆದು, ಟೈರಿನ ಮೇಲೆ ನಾಲ್ಕು ಸಲ ಬಡಿದ. ಕೆಂಪು ಧೂಳು ಮೋಡದಂತೆ ಎದ್ದಿತು. ಮತ್ತೆ ಒಳಗಿಡುವನೆಂದು ನಾನು ನೋಡುತ್ತಿದ್ದರೆ, ಆತ ಅದನ್ನು ಕ್ಯಾಬಿನ್ನಿನೊಳಕ್ಕೆ ಎಸೆದು, ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಇಂಜಿನು ಚಾಲೂ ಮಾಡಿದ.

“ಈಗ ನೋಡಿ ಸಾರ್, ಹೆಂಗೆ ಎಳೀತದೆ” ಎಂದ.

ನಿಜಕ್ಕೂ ಎಳೆಯಿತು. ಹೊಗೆ ತಿಳಿಯಾಯಿತು, ಲಾರಿ ಹೊರಟೇಹೋಯಿತು. ಆನೆ ಓಡಾಡುವ ಆ ಕಾಡಿನ ನಡುವೆ ಕತ್ತಲಾಗುವ ಹೊತ್ತಿಗೆ ಕೆಟ್ಟು ನಿಲ್ಲುವುದನ್ನು ಯಾರೂ ಬಯಸುವುದಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಂದಿನಿಂದ ಅಲ್ಲಿ ಆನೆಯನ್ನು ಹಳ್ಳಕ್ಕಟ್ಟುವವರು ಯಾರೂ ಇಲ್ಲ. ಆ ಗಳಿಗೆಯಲ್ಲಿ ಆ ಡ್ರೈವರ್ ಸ್ಥಾನದಲ್ಲಿ ನಾನಿದ್ದಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಆದರೆ ಆ ಫಿಲ್ಟರ್ ಕಟ್ಟಿಕೊಂಡದ್ದು ಅಂತರಸಂತೆಯಲ್ಲಿ ಅಲ್ಲ. ಅದಕ್ಕೂ ಎಷ್ಟೋ ದಿನ ಮುಂಚೆ, ಹೊಲದ ಬದುವಿನಲ್ಲಿ, ಶುಂಠಿ ತುಂಬಲು ಇಳಿದ ಕೆಮ್ಮಣ್ಣಿನ ದಾರಿಯಲ್ಲಿ ಕಟ್ಟಿಕೊಂಡಿತ್ತು. ಆಗ ಬದಲಿಸಿದ್ದರೆ ಈ ಗಡಿಬಿಡಿಗೆ ಕಾರಣವೇ ಇರುತ್ತಿರಲಿಲ್ಲ.

ಇಂದು ನಮ್ಮ ಊರುಗಳಲ್ಲಿ ಟ್ರಾಕ್ಟರ್ ಇಲ್ಲದ ಬೀದಿ ಕಡಿಮೆ. ಹೊಗೆಸೊಪ್ಪಿನ ಬೇಲು, ಶುಂಠಿ, ಭತ್ತ, ಹತ್ತಿ ಸಾಗಿಸಲು ಚಿಕ್ಕದೊಂದು ಗೂಡ್ಸ್ ಗಾಡಿಯನ್ನೋ ಲಾರಿಯನ್ನೋ ಸಾಲ ಮಾಡಿ ಕೊಂಡವರೂ ಅನೇಕರು. ಬೀಜ, ಗೊಬ್ಬರ, ಔಷಧಿಯ ಬಗ್ಗೆ ವಿಚಾರಿಸಲು ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಈ ಇಂಜಿನಿನ ಬಗ್ಗೆ ಒಂದು ಮಾತನ್ನೂ ಕೇಳುವುದಿಲ್ಲ. ಸಾಲದ ಕಂತು ಕಟ್ಟಿಸುವುದು ಮಾತ್ರ ಆ ಇಂಜಿನೇ. ಆದಕಾರಣ ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು ಈ ಕಾಗದದ ಉರುಳೆಯ ಬಗ್ಗೆ ಬರೆಯುತ್ತಿದ್ದೇನೆ.

ಇಂಜಿನು ಡೀಸೆಲನ್ನು ಮಾತ್ರ ಕುಡಿಯುತ್ತದೆಂದು ನಾವು ಭಾವಿಸುತ್ತೇವೆ, ಏಕೆಂದರೆ ದುಡ್ಡು ಕೊಡುವುದು ಅದಕ್ಕೇ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಿಮೆಯೆಂದರೂ ಸುಮಾರು 10 ಸಾವಿರ ಲೀಟರ್ ಗಾಳಿ ಬೇಕು. 200 ಲೀಟರಿನ ನೀರಿನ ಡ್ರಮ್ಮಿನ ಲೆಕ್ಕದಲ್ಲಿ ಐವತ್ತು ಡ್ರಮ್ಮು. 2500 ಸಿ.ಸಿ. ಇಂಜಿನಿನ ಟ್ರಾಕ್ಟರೊಂದು ನಿಮಿಷಕ್ಕೆ 2000 ಸುತ್ತಿನಲ್ಲಿ ಉಳುತ್ತಿದ್ದರೆ ಪ್ರತಿ ನಿಮಿಷಕ್ಕೂ 2 ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಎಳೆದುಕೊಳ್ಳುತ್ತದೆ. ಎಂಟು ಗಂಟೆಯ ಉಳುಮೆಗೆ ಅದು ಸುಮಾರು 10 ಲಕ್ಷ ಲೀಟರ್, ಅಂದರೆ ಸಾವಿರ ಘನ ಮೀಟರ್. ಎದುರಿನ ಮರ ಕಾಣದಷ್ಟು ಧೂಳು ಎದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಹತ್ತಿರ ಹತ್ತಿರ ಒಂದು ಗ್ರಾಂ ಧೂಳಿರುತ್ತದೆ. ದಿನವಿಡೀ ಅಷ್ಟು ಧೂಳು ಇರುವುದಿಲ್ಲ. ಅದರ ಹತ್ತನೆಯ ಒಂದು ಪಾಲು ಎಂದುಕೊಂಡರೂ ಒಂದು ದಿನದ ಉಳುಮೆಯಲ್ಲಿ 100 ಗ್ರಾಂ ಮಣ್ಣು ಇಂಜಿನಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದನ್ನು ತಡೆಯುವುದು ಈ ಫಿಲ್ಟರ್ ಒಂದೇ.

ಸುಸ್ಥಿತಿಯ ಕಾಗದದ ಫಿಲ್ಟರ್ ಸಾವಿರ ಪಾಲಿನಲ್ಲಿ 999 ಪಾಲು ಧೂಳನ್ನು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಒಳಗೆ ಹೋಗುವುದು ಗ್ರಾಮಿನ ಹತ್ತನೆಯ ಒಂದು ಪಾಲು. ಅದೇ ಫಿಲ್ಟರಿನ ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತಾಗಿ, ನೂರಕ್ಕೆ 99 ಪಾಲು ಮಾತ್ರ ಹಿಡಿಯತೊಡಗಿತೆನ್ನಿ. 99 ಎಂದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ. ಆದರೆ ಇಂಜಿನು ತಿನ್ನುವ ಮಣ್ಣು ಒಂದು ಗ್ರಾಮಾಯಿತು, ಅಂದರೆ ಹತ್ತು ಪಟ್ಟಾಯಿತು. ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದೆ ನಾನು ಹೇಳುವ ಮಾತುಗಳೆಲ್ಲ ತಾವೇ ಹೊಳೆಯುತ್ತವೆ.

ನಮ್ಮ ಕೆಂಪು ಮಣ್ಣಿನಲ್ಲಿ ಬೆಣಚು ಕಲ್ಲಿನ ಪುಡಿ ಧಾರಾಳವಾಗಿದೆ. ಬೆಣಚು ಸಾಧಾರಣ ಕಬ್ಬಿಣಕ್ಕಿಂತ ಗಡುಸು. ಕಣ್ಣಿಗೆ ಕಾಣುವ ಮರಳು ಅಷ್ಟು ದೂರ ಹೋಗುವುದೇ ಇಲ್ಲ, ಡಬ್ಬಿಯಲ್ಲೇ ಬಿದ್ದುಹೋಗುತ್ತದೆ. ತಲೆಗೂದಲಿನ ದಪ್ಪದಲ್ಲಿ ಐದನೆಯ ಒಂದು ಪಾಲೂ ಇಲ್ಲದ ನುಣ್ಣನೆಯ ಧೂಳೇ ಅಪಾಯದ್ದು. ಅದು ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಎಣ್ಣೆಯ ತೆಳುಪೊರೆಯಲ್ಲಿ ಸೇರಿ, ಸಾಣೆ ಹಿಡಿದ ಹಾಗೆ ಎರಡನ್ನೂ ಸವೆಸುತ್ತದೆ. ಎಣ್ಣೆಯೊಡನೆ ಕೆಳಗಿಳಿದು ಬೇರಿಂಗುಗಳನ್ನೂ ಮುಟ್ಟುತ್ತದೆ. ಟರ್ಬೋ ಇರುವ ಇಂಜಿನಿನಲ್ಲಿ ಅತಿವೇಗದಿಂದ ತಿರುಗುವ ಅದರ ರೆಕ್ಕೆಗಳ ಅಂಚನ್ನು ಕೊರೆದುಹಾಕುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿಗೆ ಹೋದ ಯುದ್ಧವಿಮಾನಗಳಿಗೆ ಮರಳು ಸೋಸುವ ದೊಡ್ಡ ಪೆಟ್ಟಿಗೆಯನ್ನು ಮೂಗಿನ ಕೆಳಗೆ ಕಟ್ಟಬೇಕಾಯಿತು. ಅದರಿಂದ ವಿಮಾನದ ವೇಗವೇ ತಗ್ಗಿತು. ಶತ್ರು ಬೆನ್ನಟ್ಟುವಾಗ ವೇಗ ಕಳೆದುಕೊಳ್ಳಲು ಒಪ್ಪಿದರೇ ಹೊರತು ಇಂಜಿನಿಗೆ ಮರಳು ತಿನ್ನಿಸಲು ಒಪ್ಪಲಿಲ್ಲ.

ಹಾಗಾದರೆ ಬದಲಿಸುವುದು ಯಾವಾಗ? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಎಂದು ಬರೆದಿರುತ್ತದೆ. ಆ ಅಂಕಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ, ಧೂಳಿನ ಪ್ರದೇಶದಲ್ಲಿ ಇನ್ನೂ ಬೇಗ ಎಂದೂ ಇರುತ್ತದೆ. ನಾವು ಮೊದಲನೆಯದನ್ನು ಓದುತ್ತೇವೆ, ಎರಡನೆಯದನ್ನು ಓದುವುದಿಲ್ಲ. ಮೈಸೂರಿನಿಂದ ಮಂಗಳೂರಿನ ಕಡೆಗೆ ಡಾಂಬರಿನ ಮೇಲೆ ಓಡುವ ಲಾರಿಯ ಕಿಲೋಮೀಟರೂ ನಮ್ಮ ಹೊಲದ ದಾರಿಯ ಕಿಲೋಮೀಟರೂ ಒಂದೇ ಅಲ್ಲ. ಇಲ್ಲಿ ಗಾಡಿ ಒಂದನೆಯ ಗೇರಿನಲ್ಲಿ ಅರ್ಧ ಗಂಟೆ ತೆವಳಿ ಎರಡು ಕಿಲೋಮೀಟರ್ ಹೋಗುತ್ತದೆ. ಮೀಟರಿನಲ್ಲಿ ಎರಡೇ ಬಿದ್ದರೂ ಇಂಜಿನು ಉಸಿರಾಡಿದ್ದು ಅರ್ಧ ಗಂಟೆ, ಅದೂ ಮುಂದೆ ಹೋದ ಟ್ರಾಕ್ಟರಿನ ಧೂಳನ್ನು.

ನಮ್ಮ ಸೀಮೆಯ ಧೂಳಿಗೂ ಒಂದು ಪಂಚಾಂಗವಿದೆ. ಏಪ್ರಿಲ್ ತಿಂಗಳಲ್ಲಿ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ನಾಟಿಗೆ ಭೂಮಿ ಹದ ಮಾಡುತ್ತಾರೆ. ಮಳೆ ಬಿದ್ದು ಎರಡು ದಿನ ಬಿಸಿಲು ಕಾದರೆ ರೊಟವೇಟರ್ ಹಿಂದೆ ಮಣ್ಣು ಹಿಟ್ಟಿನಂತೆ ಏಳುತ್ತದೆ. ಅದೇ ಬೇಸಿಗೆಯಲ್ಲಿ ಕೆರೆಯ ಹೂಳು ಹೊಡೆಯುವ ಕೆಲಸ. ಒಣಗಿದ ಹೂಳಿನ ಧೂಳು ಎಲ್ಲಕ್ಕಿಂತ ನುಣುಪು. ಬ್ಯಾರನ್ ಉರಿಯುವ ಕಾಲದಲ್ಲಿ ಮಳೆಯಿಂದಾಗಿ ಧೂಳು ಕಡಿಮೆ. ಆದರೆ ಬ್ಯಾರನ್ ಪಕ್ಕದಲ್ಲೇ ಇಂಜಿನು ನಿಲ್ಲಿಸದೆ ಸೌದೆ ಇಳಿಸುವ ಗಾಡಿಗಳು ಮಸಿಯನ್ನು ಒಳಗೆಳೆದುಕೊಳ್ಳುತ್ತವೆ. ಮಸಿ ಹಗುರ, ಬಡಿದರೂ ಊದಿದರೂ ಕಾಗದವನ್ನು ಬಿಡುವುದಿಲ್ಲ. ಮಳೆಗಾಲ ಕಳೆದು ಹರಾಜು ನಡೆಯುವಾಗ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳ ಮುಂದೆ ಸಾಲುಗಟ್ಟಿ ಒಂದರ ಹೊಗೆಯನ್ನು ಇನ್ನೊಂದು ಕುಡಿಯುತ್ತ ನಿಲ್ಲುವ ಗಾಡಿಗಳ ಪಾಡೂ ಇದೇ. ಆಮೇಲೆ ಕೃಷ್ಣರಾಜನಗರದ ಗದ್ದೆಗಳಲ್ಲಿ ಭತ್ತದ ಕಟಾವು. ಕಟಾವು ಯಂತ್ರದ ಸುತ್ತ ಹಾರುವ ಸುಂಕು, ಹೊಟ್ಟಿನ ಧೂಳು ಫಿಲ್ಟರಿನ ಮಡಿಕೆಗಳ ಮೇಲೆ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಹೋಗಿ ಬರುವ ಗಾಡಿಗಳಿಂದ ತುಳಿಸುವ ನಮ್ಮ ಅಭ್ಯಾಸವನ್ನು ಬೇರೆ ಹೇಳಬೇಕಾಗಿಲ್ಲ. ಒಕ್ಕಣೆ ಪುಕ್ಕಟೆಯಾಯಿತೆಂದು ನಾವು ಸಂತೋಷಪಡುತ್ತೇವೆ, ಅದೇ ಹೊಟ್ಟನ್ನು ನಮ್ಮದೇ ಊರಿನ ಗಾಡಿಗಳು ನುಂಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ವಾರಕ್ಕೊಮ್ಮೆ ತೆಗೆದು ಸ್ವಚ್ಛ ಮಾಡಿಬಿಡೋಣ ಎಂದು ತಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಅಣ್ಣನೂ ನಾನೂ ಸೇರಿ ಕೊಂಡ ಟ್ರಾಕ್ಟರೊಂದಿತ್ತು. ನಾನು ಬಿ.ಎಸ್‌ಸಿ. ಕೃಷಿ ಓದಿದವನು, ಊರಿಗೆ ಹೋದಾಗಲೆಲ್ಲ ಯಂತ್ರದ ಆರೈಕೆ ನನ್ನದೇ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ, ಪಂಚರ್ ಅಂಗಡಿಗೆ ಒಯ್ದು, ಲಾರಿಯ ಟೈರಿಗೆ ತುಂಬುವ ಗಾಳಿಯನ್ನೇ ಪೂರ್ತಿ ಬಿಟ್ಟು ಊದಿಸುತ್ತಿದ್ದೆ. ಹೊಸದರಂತೆ ಬೆಳ್ಳಗಾಗುತ್ತಿತ್ತು. ಎರಡು ವರ್ಷದಲ್ಲಿ ಒಂದೇ ಫಿಲ್ಟರಿನಲ್ಲಿ ಕಾಲ ಹಾಕಿದೆನೆಂದು ಅಣ್ಣನ ಎದುರು ಹೆಚ್ಚುಗಾರಿಕೆಯನ್ನೂ ಹೇಳಿಕೊಂಡಿದ್ದೆ. ಮೂರನೆಯ ವರ್ಷ ಟ್ರಾಕ್ಟರ್ ಬೆಳಗಿನ ಹೊತ್ತು ಹತ್ತದಾಯಿತು, ನೀಲಿ ಹೊಗೆ ಬಿಡತೊಡಗಿತು, ಇಂಜಿನ್ ಆಯಿಲ್ ಕುಡಿಯತೊಡಗಿತು. ಹುಣಸೂರಿನ ಮೆಕ್ಯಾನಿಕ್ ಒಬ್ಬರು ಬಂದು, ಇಂಜಿನನ್ನು ಮುಟ್ಟುವ ಮೊದಲು ಫಿಲ್ಟರಿನಿಂದ ಒಳಗೆ ಹೋಗುವ ರಬ್ಬರ್ ಪೈಪು ಬಿಚ್ಚಿ ಬೆರಳಾಡಿಸಿ ತೋರಿಸಿದರು. ಬೆರಳಿಗೆ ಕುಂಕುಮದಂತೆ ಕೆಮ್ಮಣ್ಣು ಮೆತ್ತಿತ್ತು. “ಫಿಲ್ಟರ್ ಕ್ಲೀನಾಗಿದೆ ಸಾರ್, ಧೂಳೆಲ್ಲ ಒಳಗೆ ಹೋಗಿದೆ” ಎಂದರು. ಫಿಲ್ಟರಿನ ಒಳಗೆ ಟಾರ್ಚು ಹಿಡಿದಾಗ ನಾಲ್ಕೈದು ಕಡೆ ಬೆಳಕು ನಕ್ಷತ್ರದಂತೆ ಮಿನುಗಿತು. ನಾನು ಊದಿಸಿದ ಗಾಳಿಯೇ ಕಾಗದವನ್ನು ಹರಿದಿತ್ತು. ಬೋರ್ ಕೆಲಸ, ಲೈನರ್, ಪಿಸ್ಟನ್, ರಿಂಗು ಎಲ್ಲ ಸೇರಿ ಆ ವರ್ಷದ ಹೊಗೆಸೊಪ್ಪಿನ ಹಣದಲ್ಲಿ ದೊಡ್ಡ ಪಾಲು ಹೋಯಿತು. ಅಣ್ಣ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದರಲ್ಲಿ ನಾನು ಕಲಿತದ್ದು ಎರಡು. ಒಂದು, ಕಾಗದದ ಫಿಲ್ಟರಿಗೆ ಕಡಿಮೆ ಆರೈಕೆಯಿಂದ ಆಗುವಷ್ಟೇ ಕೇಡು ಅತಿ ಆರೈಕೆಯಿಂದಲೂ ಆಗುತ್ತದೆ. ಇನ್ನೊಂದು ಸ್ವಲ್ಪ ವಿಚಿತ್ರವಾಗಿ ತೋರಬಹುದು. ತುಸು ಧೂಳು ಹಿಡಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮನೆಯ ಕಾಫಿ ಫಿಲ್ಟರನ್ನು ನೋಡಿ. ಬರೀ ತೂತಿನ ಬಿಲ್ಲೆ ಪುಡಿಯನ್ನು ಪೂರ್ತಿ ತಡೆಯುವುದಿಲ್ಲ. ಅದುಮಿ ಕೂರಿಸಿದ ಪುಡಿಯ ಪದರವೇ ಸೋಸುವ ಕೆಲಸ ಮಾಡಿ ಡಿಕಾಕ್ಷನ್ನನ್ನು ತಿಳಿಯಾಗಿ ಇಳಿಸುತ್ತದೆ. ಕಾಗದದ ಮೇಲೆ ಕೂತ ಮೊದಲ ಧೂಳಿನ ಪದರವೂ ಹೀಗೆಯೇ ಮುಂದಿನ ನುಣ್ಣನೆಯ ಧೂಳಿಗೆ ಜರಡಿಯಾಗುತ್ತದೆ. ಮತ್ತೆ ಮತ್ತೆ ಅದನ್ನು ಕೊಡವಿದರೆ ಇಂಜಿನು ಮತ್ತೆ ಮತ್ತೆ ಮೊದಲಿನ ಕಲಕು ಗಾಳಿಯನ್ನೇ ಕುಡಿಯುತ್ತದೆ. ಮುಚ್ಚಳ ತೆರೆದಾಗಲೆಲ್ಲ ಡಬ್ಬಿಯ ಗೋಡೆಯ ಧೂಳು ಒಳಬದಿಗೆ ಜಾರುವ ಅಪಾಯವೂ ಉಂಟು. ಆದ್ದರಿಂದ ಮೈ ಕೆಂಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಫಿಲ್ಟರ್ ಬಿಚ್ಚಬೇಡಿ.

ಬದಲಿಸುವ ಹೊತ್ತನ್ನು ಕಣ್ಣು ಹೇಳಲಾರದು, ಇಂಜಿನು ಉಸಿರೆಳೆಯಲು ಪಡುವ ಶ್ರಮ ಹೇಳಬೇಕು. ಎಳನೀರನ್ನು ಕೊಳವೆಯಲ್ಲಿ ಹೀರುವಾಗ ಗಂಜಿ ಅಡ್ಡ ಸಿಕ್ಕಿದರೆ ಕೆನ್ನೆ ಒಳಕ್ಕೆ ಹೋಗುವುದಿಲ್ಲವೇ, ಅದೇ ಬಗೆ. ಈ ಎಳೆತವನ್ನು ಅಳೆಯಲು ಅನೇಕ ಲಾರಿ, ಟ್ರಾಕ್ಟರುಗಳ ಫಿಲ್ಟರ್ ಡಬ್ಬಿಯ ಮೇಲೆ ಅಥವಾ ಅದರ ಮುಂದಿನ ಪೈಪಿನ ಮೇಲೆ ಹೆಬ್ಬೆರಳಿನಷ್ಟು ಗಾಜಿನಂಥ ಒಂದು ಸೂಚಕವಿರುತ್ತದೆ. ಎಳೆತ ಮಿತಿ ಮೀರಿದಾಗ ಅದರೊಳಗೆ ಕೆಂಪು ಪಟ್ಟಿ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ಆ ಮಿತಿ, ಕೊಳವೆಯಲ್ಲಿ ನೀರನ್ನು 20ರಿಂದ 25 ಅಂಗುಲ ಮೇಲಕ್ಕೆ ಎಳೆಯುವಷ್ಟು. ಹೊಸ ಗಾಡಿಗಳಲ್ಲಿ ಇದರ ಬದಲು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವುದೂ ಉಂಟು. ಇಂಜಿನು ನಿಲ್ಲಿಸಿದ ಮೇಲೂ ಕೆಂಪು ಅಲ್ಲೇ ನಿಂತಿರುತ್ತದೆ. ಸೂಚಕದ ತುದಿಯ ಗುಂಡಿ ಒತ್ತಿದರೆ ಕೆಂಪು ಇಳಿಯುತ್ತದೆ. ಸಂಶಯವಿದ್ದರೆ ಹೀಗೆ ಇಳಿಸಿ, ಭಾರ ಹೇರಿ ಪೂರ್ತಿ ಎಳೆಸಿ ನೋಡಿ. ಮತ್ತೆ ಕೆಂಪು ಬಂತೆಂದರೆ ಅದೇ ಬದಲಿಸುವ ಹೊತ್ತು, ಒಂದು ದಿನ ಮೊದಲೂ ಬೇಡ, ಒಂದು ವಾರ ಆಮೇಲೂ ಬೇಡ. ನಾನು ನೋಡಿದ ಗಾಡಿಗಳಲ್ಲಿ ಎಷ್ಟೋ ಸೂಚಕಗಳು ಕೆಸರು ಮೆತ್ತಿ, ಒಡೆದು, ಎಂ-ಸೀಲಿನಿಂದ ಮುಚ್ಚಿಸಿಕೊಂಡು ಕೂತಿವೆ. ಅದನ್ನು ಹೊಸದಾಗಿ ಹಾಕಿಸುವ ಖರ್ಚು ದೊಡ್ಡದೇನಲ್ಲ.

ಚಿಕ್ಕ ಗೂಡ್ಸ್ ಗಾಡಿಗಳು ಹಲವಕ್ಕೆ ಈ ಸೂಚಕವಿಲ್ಲ. ಅಂಥವರು ಕಿಲೋಮೀಟರನ್ನು ಮಾತ್ರ ನಂಬದೆ ಡೀಸೆಲಿನ ಲೆಕ್ಕ ಇಡುವುದು ಮೇಲು. ಗಾಳಿಯೂ ಡೀಸೆಲೂ ಜೊತೆಜೊತೆಯಾಗಿ ಖರ್ಚಾಗುವುದರಿಂದ, ಎಷ್ಟು ಲೀಟರ್ ಸುಟ್ಟಿತೆಂಬುದು ಎಷ್ಟು ಉಸಿರಾಡಿತೆಂಬುದಕ್ಕೆ ಹತ್ತಿರದ ಅಳತೆ. ಪುಸ್ತಕ ಹೇಳಿದ ಕಿಲೋಮೀಟರಿಗೆ ಒಳ್ಳೆಯ ರಸ್ತೆಯಲ್ಲಿ ಎಷ್ಟು ಡೀಸೆಲ್ ಬೇಕೋ ಲೆಕ್ಕ ಹಾಕಿ. ಹೊಲದ ದಾರಿಯ ಗಾಡಿಯಾದರೆ ಅದರ ಅರ್ಧಕ್ಕೇ ಬದಲಿಸಿ. ಈ ಅರ್ಧ ಎನ್ನುವುದು ನನ್ನ ಅಂದಾಜು, ಶಾಸ್ತ್ರವಲ್ಲ. ಹೂಳು ಹೊಡೆಯುವ ಟಿಪ್ಪರಿಗೆ ಅದೂ ಹೆಚ್ಚಾದೀತು. ಟ್ರಾಕ್ಟರಿಗಂತೂ ಗಂಟೆಯ ಮೀಟರ್ ಇದ್ದೇ ಇದೆ. ಅದು ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿ.

ಹೊತ್ತು ಮೀರಿದ ಲಕ್ಷಣಗಳು ತಮಗೆ ತಿಳಿದವೇ. ಏರಿನಲ್ಲಿ ಎಳೆಯದು, ಡೀಸೆಲ್ ಹೆಚ್ಚು ಕುಡಿಯುತ್ತದೆ, ಕಪ್ಪು ಹೊಗೆ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. 2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್-6 ಡೀಸೆಲ್ ಲಾರಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಇನ್ನೊಂದು ಫಿಲ್ಟರ್ ಹೊಗೆಕೊಳವೆಯ ಕಡೆ ಇರುತ್ತದೆ. ಅಲ್ಲಿ ಕಪ್ಪು ಹೊಗೆ ಹೊರಗೆ ಕಾಣದು. ಹೊಗೆ ನೋಡಿ ತೀರ್ಮಾನಿಸುವ ಹಳೆಯ ಡ್ರೈವರುಗಳು ಮೋಸ ಹೋಗುವುದು ಇಲ್ಲೇ. ಗಾಳಿ ಸಾಲದೆ ಎದ್ದ ಮಸಿಯೆಲ್ಲ ಆ ಎರಡನೆಯ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ, ಅದರ ಬೆಲೆಯ ಮುಂದೆ ಏರ್ ಫಿಲ್ಟರಿನ ಬೆಲೆ ಏನೂ ಅಲ್ಲ.

ಕಪ್ಪು ಹೊಗೆಯ ತೊಂದರೆ ಹೊಸ ಫಿಲ್ಟರ್ ಹಾಕಿದ ದಿನವೇ ನೀಗುತ್ತದೆ. ಹರಿದ ಫಿಲ್ಟರಿನ ಅಥವಾ ಫಿಲ್ಟರ್ ಇಲ್ಲದೆ ಓಡಿಸಿದ ತೊಂದರೆ ಹಾಗಲ್ಲ, ಅದು ಸದ್ದಿಲ್ಲದೆ ನಡೆಯುತ್ತದೆ. ಆಗ ಗಾಡಿ ಚೆನ್ನಾಗಿಯೇ ಎಳೆಯುತ್ತದೆ, ಅಂತರಸಂತೆಯ ಲಾರಿ ಎಳೆದ ಹಾಗೆ. ನೀಲಿ ಹೊಗೆ ಕಂಡ ಹೊತ್ತಿಗೆ ಫಿಲ್ಟರಿನ ಮಾತು ಮುಗಿದು ಬೋರಿನ ಮಾತು ಶುರುವಾಗಿರುತ್ತದೆ.

ಫಿಲ್ಟರಿನ ಸುತ್ತಮುತ್ತಲಿನ ಸಣ್ಣ ಪುಟ್ಟ ಭಾಗಗಳ ಕಡೆ ತಾವು ದಿನವೂ ಗಮನ ಕೊಡಬಹುದು, ಅದಕ್ಕೆ ಫಿಲ್ಟರ್ ಬಿಚ್ಚಬೇಕಾಗಿಲ್ಲ. ಡಬ್ಬಿಯ ಕೆಳಗೆ ಬಾತುಕೋಳಿಯ ಕೊಕ್ಕಿನಂತೆ ಜೋತಾಡುವ ರಬ್ಬರನ್ನು ಬೆಳಿಗ್ಗೆ ಎರಡು ಬೆರಳಿನಿಂದ ಹಿಸುಕಿದರೆ ಕೂಡಿಕೊಂಡ ಧೂಳು ಉದುರುತ್ತದೆ. ಅದು ಹರಿದುಹೋದರೆ ಬಟ್ಟೆ ತುರುಕಬೇಡಿ, ಹೊಸದು ಹಾಕಿ. ಫಿಲ್ಟರಿನಿಂದ ಇಂಜಿನಿಗೆ ಹೋಗುವ ರಬ್ಬರ್ ಪೈಪು ಬಿರಿದಿದೆಯೇ, ಕ್ಲಿಪ್ಪು ಸಡಿಲವಾಗಿದೆಯೇ ಎಂದು ಕೈಯಾಡಿಸಿ ನೋಡಿ. ಫಿಲ್ಟರ್ ದಾಟಿದ ಮೇಲಿನ ಬಿರುಕಿನಿಂದ ಒಳಗೆ ಹೋದ ಧೂಳಿಗೆ ತಡೆಯೇ ಇಲ್ಲ. ದೊಡ್ಡ ಫಿಲ್ಟರುಗಳ ಒಳಗೆ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತದೆ. ಹೊರಗಿನದು ಕೈಕೊಟ್ಟರೆ ಕಾಯಲೆಂದು ಇಟ್ಟದ್ದು ಅದು. ಅದನ್ನು ಊದಬಾರದು, ತೊಳೆಯಬಾರದು, ಹೊರಗಿನದನ್ನು ಮೂರು ಸಲ ಬದಲಿಸಿದಾಗ ಅದನ್ನೊಮ್ಮೆ ಬದಲಿಸುವುದು ವಾಡಿಕೆ. ಹೊರಗಿನದು ಹೊಸದಾದ ಮೇಲೂ ಸೂಚಕ ಕೆಂಪಿಗೇ ಹೋದರೆ ಒಳಗಿನದು ಕಟ್ಟಿದೆಯೆಂದೇ ತಿಳಿಯಿರಿ.

ಸುಗ್ಗಿಯ ನಡುವೆ ಹೊಸ ಫಿಲ್ಟರ್ ಸಿಗದೆ, ಊದಲೇಬೇಕಾದ ಸಂದರ್ಭ ಬಂದೀತು. ತಯಾರಕರಲ್ಲಿ ಹಲವರು ಅದನ್ನೂ ಒಪ್ಪುವುದಿಲ್ಲ. ಊದಿಯೇ ತೀರಬೇಕೆಂದಿದ್ದರೆ ಗಾಳಿಯ ಒತ್ತಡ 30 ಪೌಂಡ್ ಮೀರದಿರಲಿ, ಲಾರಿ ಟೈರಿನ ನೂರು ಪೌಂಡ್ ಅಲ್ಲ. ಒಳಗಿನಿಂದ ಹೊರಕ್ಕೆ ಊದಬೇಕು, ನಳಿಕೆ ಕಾಗದಕ್ಕೆ ತಾಗಬಾರದು. ಆಮೇಲೆ ಕತ್ತಲೆಯ ಕೋಣೆಯಲ್ಲಿ ಒಳಗೆ ಬಲ್ಬು ಇಳಿಸಿ ಸುತ್ತ ತಿರುಗಿಸಿ ನೋಡಿ, ಒಂದು ಚುಕ್ಕೆ ಬೆಳಕು ಕಂಡರೂ ಅದನ್ನು ಬಿಸಾಡಿ. ನೆಲಕ್ಕಾಗಲಿ ಟೈರಿಗಾಗಲಿ ಬಡಿಯಬೇಡಿ. ಮಡಿಕೆ ಸೀಳುವುದರ ಜೊತೆಗೆ ಅಂಚಿನ ತಗಡು ಸೊಟ್ಟಾಗಿ ರಬ್ಬರು ಸರಿಯಾಗಿ ಕೂರುವುದಿಲ್ಲ. ಸೀಮೆಎಣ್ಣೆ, ಡೀಸೆಲುಗಳಲ್ಲಿ ಕಾಗದವನ್ನು ತೊಳೆಯುವುದಂತೂ ಸಲ್ಲದು. ನೆನೆದದ್ದನ್ನು ಒಲೆಯ ಪಕ್ಕ ಒಣಗಿಸುವುದೂ ಬೇಡ. ಊದುವವರು ಮೂಗಿಗೆ ಟವೆಲು ಕಟ್ಟಿಕೊಳ್ಳಿ, ಇಂಜಿನಿಗೆ ಆಗದ ಧೂಳು ಮನುಷ್ಯನ ಶ್ವಾಸಕೋಶಕ್ಕೂ ಆಗದು.

ಹಳೆಯ ಟ್ರಾಕ್ಟರುಗಳಲ್ಲಿ ಕಾಗದದ ಬದಲು ಎಣ್ಣೆಯ ಬಟ್ಟಲಿನ ಏರ್ ಕ್ಲೀನರ್ ಇದೆ. ಗಾಳಿ ಎಣ್ಣೆಗೆ ತಾಗಿ ಬರುವಾಗ ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಇದರಲ್ಲಿ ಬದಲಿಸುವುದು ಎಣ್ಣೆಯನ್ನು. ದಿನವೂ ಕೆಲಸಕ್ಕೆ ಮೊದಲು ಬಟ್ಟಲು ನೋಡಬೇಕು. ಎಣ್ಣೆ ಗಟ್ಟಿಯಾಗಿದ್ದರೆ, ಅಥವಾ ತಳದಲ್ಲಿ ಅರ್ಧ ಅಂಗುಲದಷ್ಟು ಕೆಸರು ಕೂತಿದ್ದರೆ, ಎಷ್ಟು ಗಂಟೆಯಾಯಿತೆಂದು ಲೆಕ್ಕ ಹಾಕುತ್ತ ಕೂರದೆ ಅಂದೇ ಚೆಲ್ಲಿ, ಬಟ್ಟಲನ್ನೂ ಮೇಲಿನ ತಂತಿಬಲೆಯನ್ನೂ ಡೀಸೆಲಿನಲ್ಲಿ ತೊಳೆದು ಒಣಗಿಸಿ ಹೊಸ ಎಣ್ಣೆ ಹಾಕಿ. ಗುರುತಿನ ಗೆರೆಯವರೆಗೆ ಮಾತ್ರ ಹಾಕಿ. ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ ಇಂಜಿನು ಆ ಎಣ್ಣೆಯನ್ನೇ ಒಳಗೆಳೆದು ಉರಿಸಿ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಹುಚ್ಚೆದ್ದು ಓಡಬಹುದು. ಇಂಜಿನಿನಿಂದ ಇಳಿಸಿದ ಕರಿ ಎಣ್ಣೆಯನ್ನೇ ಇದಕ್ಕೆ ಸುರಿಯುವವರಿದ್ದಾರೆ, ಅದು ಬರೀ ಜಿಪುಣತನ.

ಇನ್ನು ಮಾಲೀಕರಿಗೆ ಒಂದು ಮಾತು. ನಮ್ಮಲ್ಲಿ ಗಾಡಿಯ ಒಡೆಯ ಒಬ್ಬ, ಓಡಿಸುವವನು ಇನ್ನೊಬ್ಬ. “ಯಜಮಾನ್ರೇ, ಫಿಲ್ಟರ್ ಕಟ್ಕೊಂಡದೆ” ಎಂದು ಡ್ರೈವರ್ ಹೇಳಿದರೆ “ಬಡಿದು ಹಾಕ್ಕೊಳ್ಳೋ” ಎಂಬ ಉತ್ತರ ಬರುತ್ತದೆ. ಮುಂದೆ ಇಂಜಿನು ಕೆಟ್ಟಾಗ ಬೈಗುಳವೂ ಅವನಿಗೇ. ಅಂತರಸಂತೆಯ ಆ ಡ್ರೈವರ್ ಫಿಲ್ಟರ್ ಬೇಕೆಂದು ಮೊದಲೇ ಕೇಳಿ ಸಿಗದವನೋ, ಕೇಳಲೇ ಇಲ್ಲವೋ ನಾನರಿಯೆ. ಗಾಡಿಯಲ್ಲೊಂದು ನೋಟು ಪುಸ್ತಕವಿಟ್ಟು, ಡೀಸೆಲ್ ಹಾಕಿದ ದಿನ, ಲೀಟರ್, ಸೂಚಕ ಕೆಂಪಾದ ದಿನ, ಫಿಲ್ಟರ್ ಬದಲಿಸಿದ ದಿನ, ಇಷ್ಟನ್ನು ಡ್ರೈವರಿನಿಂದಲೇ ಬರೆಸಿ. ಕೆಂಪು ಬಂದ ದಿನ ಅವನೇ ಅಂಗಡಿಯಿಂದ ತರುವ ಅಧಿಕಾರವನ್ನೂ ಕೊಡಿ. ಕೆಲವು ನೂರು ರೂಪಾಯಿಯಿಂದ ದೊಡ್ಡ ಲಾರಿಗೆ ಒಂದೆರಡು ಸಾವಿರದವರೆಗಿನ ವಸ್ತುವಿಗೆ ಯಜಮಾನರ ಅಪ್ಪಣೆ ಕಾಯುತ್ತ ಹತ್ತಾರು ಸಾವಿರದ ಇಂಜಿನು ಸವೆಯಬಾರದು. ಹೋಬಳಿಗಳಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೇಂದ್ರಗಳವರೂ ಇದನ್ನು ಪಾಲಿಸಬೇಕು. ದಿನಕ್ಕೊಬ್ಬ ರೈತನ ಹೊಲಕ್ಕೆ ಹೋಗುವ ಯಂತ್ರದ ಉಸಿರನ್ನು ಗಮನಿಸುವವರು ಯಾರೂ ಇಲ್ಲದಂತಾಗಿದೆ, ಬಾಡಿಗೆಯ ಚೀಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಿದರೆ ಸಾಕು.

ಹಳೆಯ ಗಾಡಿ ಕೊಳ್ಳುವವರಿಗೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸದೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಸೆಕೆಂಡ್ ಹ್ಯಾಂಡ್ ಟ್ರಾಕ್ಟರಿಗೆ ಮಾತ್ರ ಬಣ್ಣ, ಟೈರು ನೋಡಿ ಮುಂಗಡ ಕೊಟ್ಟುಬಿಡುತ್ತೇವೆ. ಫಿಲ್ಟರ್ ದಾಟಿದ ಪೈಪನ್ನು ಬಿಚ್ಚಿಸಿ, ಬಿಳಿಯ ಪಂಚೆಯ ಚೂರಿನಿಂದ ಒಳಗೆ ಒರೆಸಿ. ಬಟ್ಟೆ ಕೆಂಪಾದರೆ ಆ ಇಂಜಿನು ಮಣ್ಣು ತಿಂದಿದೆಯೆಂದು ತಿಳಿದು, ಬೋರ್ ಕೆಲಸದ ಹಣವನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಹೊಸ ಫಿಲ್ಟರ್ ತರುವಾಗ ಹಳೆಯದರ ಮೇಲಿನ ನಂಬರನ್ನು ಬರೆದುಕೊಂಡು ಹೋಗಿ. ಉದ್ದ, ಅಗಲ ಸರಿಯಿದ್ದ ಮಾತ್ರಕ್ಕೆ ಅದು ತಮ್ಮ ಗಾಡಿಯದಾಗುವುದಿಲ್ಲ. ಅಂಚಿನ ರಬ್ಬರು ಮೆತ್ತಗೆ, ಬಿರುಕಿಲ್ಲದೆ ಇರಬೇಕು; ಮಡಿಕೆಗಳು ಒಂದೇ ಅಂತರದಲ್ಲಿರಬೇಕು. ಅರ್ಧ ಬೆಲೆಗೆ ಸಿಗುವ ನಕಲಿ ಮಾಲು ಪೇಟೆಯಲ್ಲಿ ಬೇಕಾದಷ್ಟಿದೆ, ರಸೀತಿ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಹಾಕುವ ಮುನ್ನ ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಕೊಡವಿದರೆ ಧೂಳು ಒಳಕ್ಕೇ ಹೋಗುತ್ತದೆ. ಹೊಸದರ ತಗಡಿನ ಅಂಚಿನ ಮೇಲೆ ತಾರೀಖನ್ನೂ ಮೀಟರಿನ ಅಂಕಿಯನ್ನೂ ಅಳಿಸದ ಪೆನ್ನಿನಿಂದ ಬರೆಯಿರಿ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಮಾತ್ರ ಕುಡುಗೋಲಿನಿಂದ ಕಾಗದವನ್ನು ಉದ್ದಕ್ಕೆ ಕೊಯ್ದುಬಿಡಿ. ಇಲ್ಲದಿದ್ದರೆ ಊದಿಸಿ ಒರೆಸಿದ ಅದೇ ಫಿಲ್ಟರ್ ಬಣ್ಣದ ಪೆಟ್ಟಿಗೆಯಲ್ಲಿ ಕೂತು ಮತ್ತೆ ತಮ್ಮ ಮನೆಗೇ ಬಂದೀತು.